ವರದಿಗಾರನ ಆರು ಪ್ರಶ್ನೆಗಳೂ ಬಿಟ್ಟುಹೋದ ಎರಡೂ

ವೃತ್ತಪತ್ರಿಕೆಯ ಕಾರ್ಯಾಲಯಕ್ಕೆ ಹೊಸದಾಗಿ ಸೇರಿದ ತರುಣನಿಗೆ ಮೊಟ್ಟಮೊದಲು ಉಪದೇಶವಾಗುವ ಮಂತ್ರವು ಆರು ಪ್ರಶ್ನೆಗಳದು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಇವಿಷ್ಟಕ್ಕೂ ಉತ್ತರ ದೊರೆತರೆ ವರ್ತಮಾನವು ಪೂರ್ಣವಾಯಿತೆಂದೂ, ಒಂದಕ್ಕೆ ದೊರೆಯದಿದ್ದರೂ ಬರಹವು ಅಂಗಹೀನವಾಯಿತೆಂದೂ ಆ ವೃತ್ತಿಯನ್ನು ಬೋಧಿಸುವ ಪುಸ್ತಕಗಳು ಹೇಳುತ್ತವೆ. ಸೂತ್ರವು ಚಿಕ್ಕದು, ಬೆರಳುಗಳ ಮೇಲೆ ಎಣಿಸಿಕೊಳ್ಳಬಹುದಾದದ್ದು. ಹೀಗೆ ಸುಲಭವಾಗಿ ಬಾಯಿಪಾಠವಾಗುವ ವಿಧಿಗಳಿಗೆ ಒಂದು ಅಪಾಯವುಂಟು. ಅವನ್ನು ಯಾರೂ ಮರಳಿ ಪರೀಕ್ಷಿಸುವುದಿಲ್ಲ. ಆರು ಪ್ರಶ್ನೆಗಳಿಗೂ ಉತ್ತರವಿತ್ತ ವಾರ್ತೆಯು ಸುಳ್ಳಾಗಿರಬಹುದೆ? ಆಗಿರಬಹುದಾದರೆ, ಕೇಳದೆ ಬಿಟ್ಟ ಪ್ರಶ್ನೆ ಯಾವುದು?

ಈ ಪ್ರಶ್ನೆಗಳನ್ನು ವೃತ್ತಪತ್ರಿಕೆಯವರು ಕಂಡುಹಿಡಿದುದಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಹರ್ಮಾಗೊರಾಸನೆಂಬ ಗ್ರೀಕ್ ಪಂಡಿತನು, ನ್ಯಾಯಸ್ಥಾನದಲ್ಲಿ ವಾದಿಸುವವನು ಒಂದು ಕೃತ್ಯವನ್ನು ಯಾವ ಯಾವ ಕಡೆಗಳಿಂದ ನೋಡಬೇಕೆಂಬುದನ್ನು ಏಳು ಅಂಗಗಳಾಗಿ ವಿಂಗಡಿಸಿದನೆಂದು ಪ್ರತೀತಿ. ಮೇಲಿನ ಆರರ ಜೊತೆಗೆ 'ಯಾವ ಸಾಧನಗಳಿಂದ' ಎಂಬುದು ಅವನ ಏಳನೆಯದು. ಲ್ಯಾಟಿನ್ ಭಾಷೆಯ ಆಲಂಕಾರಿಕರ ಮೂಲಕ ಇದು ಕ್ರೈಸ್ತ ಮಠಗಳನ್ನು ಸೇರಿತು. ೧೨೧೫ರಲ್ಲಿ ರೋಮಿನಲ್ಲಿ ನೆರೆದ ಧರ್ಮಸಭೆಯು, ಪಾಪನಿವೇದನೆಯನ್ನು ಕೇಳುವ ಪಾದ್ರಿಯು ಪಾಪಿಯ ಮತ್ತು ಪಾಪದ ಸಂದರ್ಭಗಳನ್ನು ಎಚ್ಚರದಿಂದ ವಿಚಾರಿಸತಕ್ಕದ್ದೆಂದು ವಿಧಿಸಿತು. ಆ ವಿಚಾರಣೆಗೂ ಇವೇ ಪ್ರಶ್ನೆಗಳು ಒದಗಿದವು. ಕೊನೆಗೆ, ಲಾಹೋರಿನಲ್ಲಿಯೂ ಅಲಹಾಬಾದಿನಲ್ಲಿಯೂ ವೃತ್ತಪತ್ರಿಕೆಗಳಲ್ಲಿ ದುಡಿದು ಪಳಗಿದ ಕಿಪ್ಲಿಂಗನು ೧೯೦೨ರಲ್ಲಿ ಪ್ರಕಟವಾದ ತನ್ನ ಮಕ್ಕಳ ಕಥೆಗಳ ಪುಸ್ತಕದಲ್ಲಿ, ಆನೆಮರಿಯ ಕಥೆಯ ಕೊನೆಗೆ, ಇವೇ ಆರನ್ನು ಸೇವಕರನ್ನಾಗಿ ಮಾಡಿ ಪದ್ಯ ಕಟ್ಟಿದನು. ಅಲ್ಲಿಂದ ಮುಂದೆ ಇವುಗಳಿಗೆ ಪ್ರಚಾರಕ್ಕೆ ಕೊರತೆಯಾಗಲಿಲ್ಲ.

ಈ ವಂಶಾವಳಿಯಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ನ್ಯಾಯಸ್ಥಾನದಲ್ಲಿ ಉತ್ತರ ಹೇಳುವ ಸಾಕ್ಷಿಯು ಕಟಕಟೆಯಲ್ಲಿ ನಿಂತಿರುತ್ತಾನೆ. ನಿವೇದನೆಯಲ್ಲಿ ಪಾಪಿಯೇ ಬಂದು ಮೊಣಕಾಲೂರಿರುತ್ತಾನೆ. ಹೇಳಿದವರು ಯಾರು, ಅವರಿಗೆ ಹೇಗೆ ತಿಳಿಯಿತು ಎಂಬುದನ್ನು ಅಲ್ಲಿ ಪಟ್ಟಿಗೆ ಸೇರಿಸಿಕೊಳ್ಳಬೇಕಾದ ಪ್ರಮೇಯವಿರಲಿಲ್ಲ. ಅದು ಕಣ್ಣೆದುರಿಗೇ ಇತ್ತು. ವೃತ್ತಪತ್ರಿಕೆಯನ್ನು ಓದುವ ಗೃಹಸ್ಥನ ಎದುರಿಗಾದರೋ ಸಾಕ್ಷಿಯೂ ಇಲ್ಲ, ಪಾಪಿಯೂ ಇಲ್ಲ. ಮಸಿಯ ಅಕ್ಷರ ಮಾತ್ರವಿದೆ. ಪಟ್ಟಿಯನ್ನು ಹಾಗೆಯೇ ಎತ್ತಿಕೊಂಡು ಬಂದವರು ಈ ಭೇದವನ್ನು ಎಣಿಸಲಿಲ್ಲ.

ವ್ಯಾಕರಣವನ್ನು ಬಲ್ಲವರಿಗೆ ಈ ಆರು ಪ್ರಶ್ನೆಗಳನ್ನು ಕಂಡೊಡನೆ ಆರು ಕಾರಕಗಳು ನೆನಪಿಗೆ ಬರುವುದು ಸಹಜ. (ವ್ಯಾಕರಣವೆಂದೊಡನೆ ಪುಟವನ್ನು ಮಗುಚುವ ವಾಚಕರು ಸ್ವಲ್ಪ ತಾಳ್ಮೆಯಿಂದಿರಬೇಕು, ಮುಂದೆ ಹಡಗಿನ ಕಥೆ ಬರುವುದಿದೆ.) ಕ್ರಿಯೆಯು ನಡೆಯುವುದಕ್ಕೆ ಯಾವುದು ಒದಗುವುದೋ ಅದು ಕಾರಕ. ಪಾಣಿನಿಯು ಇವನ್ನು ಅಪಾದಾನ, ಸಂಪ್ರದಾನ, ಕರಣ, ಅಧಿಕರಣ, ಕರ್ಮ, ಕರ್ತೃ ಎಂಬ ಕ್ರಮದಲ್ಲಿ ಹೇಳುತ್ತಾನೆ. ವರದಿಗಾರನ 'ಯಾರು' ಎಂಬುದು ಕರ್ತೃ. 'ಏನು' ಎಂಬುದರಲ್ಲಿ ಕ್ರಿಯೆಯೂ ಕರ್ಮವೂ ಎರಡೂ ಅಡಗಿವೆ. 'ಎಲ್ಲಿ', 'ಯಾವಾಗ' ಎರಡೂ ಅಧಿಕರಣವೇ. ದೇಶದಂತೆ ಕಾಲವೂ ಕ್ರಿಯೆಗೆ ಆಧಾರ. 'ಹೇಗೆ' ಎಂಬುದು ಬಹುಮಟ್ಟಿಗೆ ಕರಣ. ಉಳಿದದ್ದು 'ಏಕೆ'. ಇದು ಕಾರಕವೇ ಅಲ್ಲ. ಹೇತುವೆಂದು ವೈಯಾಕರಣರು ಅದನ್ನು ಬೇರೆ ಕಡೆಯಲ್ಲಿ ಇಟ್ಟು ಬೇರೆ ಸೂತ್ರದಿಂದ ಹೇಳಿದ್ದಾರೆ. ಹೀಗೆ ಲೆಕ್ಕವಿಟ್ಟು ನೋಡಿದರೆ, ವರದಿಗಾರನ ಪಟ್ಟಿಯಲ್ಲಿ ಕಾರಕವಲ್ಲದ ಒಂದು ಸೇರಿಕೊಂಡಿದೆ. ಕಾರಕಗಳಾದ ಎರಡು ಬಿಟ್ಟುಹೋಗಿವೆ. ಬಿಟ್ಟುಹೋದವು ಅಪಾದಾನ ಮತ್ತು ಸಂಪ್ರದಾನ, ಎಂದರೆ 'ಎಲ್ಲಿಂದ ಬಂದಿತು' ಮತ್ತು 'ಯಾರಿಗಾಗಿ'. ಪಾಣಿನಿಯ ಪಟ್ಟಿಯಲ್ಲಿ ಮೊದಲು ನಿಂತಿರುವವು ಈ ಎರಡೇ ಎಂಬುದು ವಿನೋದದ ಸಂಗತಿ. ಆ ಕ್ರಮಕ್ಕೆ ಕಾರಣ ಶಾಸ್ತ್ರೀಯವಾದದ್ದು. ವಿರೋಧ ಬಂದಾಗ ಮುಂದಿನ ಸಂಜ್ಞೆಯು ಹಿಂದಿನದನ್ನು ಬಾಧಿಸಬೇಕೆಂಬ ವ್ಯವಸ್ಥೆ ಅದು. ಆದುದರಿಂದ ಅದರ ಮೇಲೆ ಹೆಚ್ಚು ಭಾರ ಹಾಕುವುದು ಯುಕ್ತವಲ್ಲ.

ಕಾರಕಗಳು ತುಂಬಿದರೆ ವಾಕ್ಯವು ತುಂಬುತ್ತದೆ, ಅಷ್ಟೆ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇದ್ದ ಪದಸಮೂಹವು ಅರ್ಥವನ್ನು ಬೋಧಿಸುತ್ತದೆ. ಆ ಅರ್ಥವು ನಿಜವೆಂದು ಅದರಿಂದ ಸಿದ್ಧವಾಗುವುದಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಉದಾಹರಣೆಯಿದೆ: ನದಿಯ ದಡದಲ್ಲಿ ಐದು ಹಣ್ಣುಗಳಿವೆ ಎಂಬ ಮಾತು. ಅದನ್ನೊಂದು ವಾರ್ತೆಯೆಂದೇ ಎಣಿಸಬಹುದು. ಏನಿದೆ, ಎಷ್ಟಿದೆ, ಎಲ್ಲಿದೆ, ಎಲ್ಲವೂ ಅದರಲ್ಲಿದೆ. ಆದರೆ ಹೇಳಿದವನು ವಂಚಕನಾದರೆ ಕೇಳಿದವನು ನದಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಮಾತಿನಲ್ಲಿ ಲೋಪವಿಲ್ಲ, ಅದು ಹೊರಟ ಬಾಯಿಯಲ್ಲಿದೆ.

ಇನ್ನು ಹಡಗಿನ ಕಥೆ. ಟೈಟಾನಿಕ್ ಎಂಬ ಮಹಾನೌಕೆಯು ೧೯೧೨ನೆಯ ಇಸವಿ ಏಪ್ರಿಲ್ ೧೪ರ ರಾತ್ರಿ, ಹಡಗಿನ ಗಡಿಯಾರದಂತೆ ೧೧ ಗಂಟೆ ೪೦ ನಿಮಿಷಕ್ಕೆ, ಅಟ್ಲಾಂಟಿಕ್ ಸಮುದ್ರದಲ್ಲಿ ಹಿಮದ ಗುಡ್ಡೆಗೆ ತಾಗಿ, ಮಾರನೆಯ ದಿನ ಬೆಳಗಿನ ಜಾವ ೨ ಗಂಟೆ ೨೦ ನಿಮಿಷಕ್ಕೆ ಮುಳುಗಿತು. ಸುಮಾರು ೧,೫೦೦ ಜನರು ಸತ್ತರು; ಕಾರ್ಪೇಥಿಯಾ ಎಂಬ ಹಡಗು ಎತ್ತಿಕೊಂಡು ಉಳಿಸಿದವರು ಸುಮಾರು ೭೦೦ ಮಂದಿ. ಇಷ್ಟನ್ನೂ ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಏಪ್ರಿಲ್ ೧೫ರ ಮಧ್ಯಾಹ್ನದ ಮೇಲೆ ನ್ಯೂಯಾರ್ಕಿನ ಬೀದಿಗಳಲ್ಲಿ ಮಾರಾಟವಾದ ಈವನಿಂಗ್ ಸನ್ ಪತ್ರಿಕೆಯ ಮೊದಲ ಪುಟದಲ್ಲಿದ್ದ ವರ್ತಮಾನವು ಬೇರೆ: ಪ್ರಯಾಣಿಕರೆಲ್ಲರೂ ಕ್ಷೇಮವಾಗಿ ಬೇರೆ ಹಡಗುಗಳಿಗೆ ಇಳಿದರು, ಪೆಟ್ಟುತಿಂದ ಟೈಟಾನಿಕ್ಕನ್ನು ಹ್ಯಾಲಿಫ್ಯಾಕ್ಸ್ ರೇವಿನ ಕಡೆಗೆ ಎಳೆದೊಯ್ಯಲಾಗುತ್ತಿದೆ ಎಂಬುದು. ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯು ಮಾರನೆಯ ದಿನ ಹಡಗು ಮುಳುಗಿತೆಂದು ಒಪ್ಪಿಯೂ ಪ್ರಾಣಹಾನಿಯಾಗಿಲ್ಲವೆಂದು ಅಚ್ಚುಹಾಕಿತು.

ನ್ಯೂಯಾರ್ಕಿನ ಆ ವರ್ತಮಾನವನ್ನು ಆರು ಪ್ರಶ್ನೆಗಳ ತಕ್ಕಡಿಗೆ ಹಾಕಿ ನೋಡಬೇಕು. ಯಾರು? ಟೈಟಾನಿಕ್ಕಿನ ಪ್ರಯಾಣಿಕರು. ಏನಾಯಿತು? ಪಾರಾದರು. ಯಾವಾಗ? ಆ ದಿನ ಬೆಳಗ್ಗೆ. ಎಲ್ಲಿ? ಉತ್ತರ ಅಟ್ಲಾಂಟಿಕ್ಕಿನಲ್ಲಿ. ಹೇಗೆ? ಬೇರೆ ಹಡಗುಗಳು ನೆರವಿಗೆ ಬಂದುದರಿಂದ. ಏಕೆ? ಹಿಮದ ಗುಡ್ಡೆಗೆ ತಾಗಿದುದರಿಂದ. ಪರೀಕ್ಷಕನು ಪೂರ್ಣಾಂಕಗಳನ್ನು ಕೊಡದೆ ವಿಧಿಯಿಲ್ಲ. ಹಡಗಾದರೋ ಆ ಪತ್ರಿಕೆಯು ಅಚ್ಚಾಗುವ ಹೊತ್ತಿಗೆ ಸಮುದ್ರದ ತಳವನ್ನು ಸೇರಿ ಹಲವು ಗಂಟೆಗಳೇ ಕಳೆದಿದ್ದವು.

ಈ ಸುಳ್ಳು ಎಲ್ಲಿಂದ ಹುಟ್ಟಿತು? ಯಾರೂ ಬೇಕೆಂದು ಕಟ್ಟಿದ್ದಲ್ಲವೆಂದೇ ತೋರುತ್ತದೆ. ಅಂದು ಸಮುದ್ರದ ಮೇಲೆಯೂ ಕರಾವಳಿಯಲ್ಲಿಯೂ ನಿಸ್ತಂತು ಯಂತ್ರಗಳು ಒಂದರ ಮಾತಿನಲ್ಲಿ ಒಂದು ಬಾಯಿಹಾಕುತ್ತಿದ್ದವು. ಹವ್ಯಾಸಕ್ಕಾಗಿ ಯಂತ್ರವಿಟ್ಟುಕೊಂಡವರೂ ನಡುವೆ ಕಿವಿಗೊಡುತ್ತಿದ್ದರು. ಆಗಿನ ಗೊಂದಲಕ್ಕೆ ಆಮೇಲೆ ದೊರೆತ ವಿವರಣೆಯು ಹೀಗಿದೆ. ಟೈಟಾನಿಕ್ಕಿನ ಪ್ರಯಾಣಿಕರೆಲ್ಲರೂ ಕ್ಷೇಮವೇ ಎಂದು ಒಂದು ಕಡೆಯಿಂದ ವಿಚಾರಣೆ ಹೊರಟಿತ್ತು. ಅದೇ ಹೊತ್ತಿನಲ್ಲಿ ಏಷಿಯನ್ ಎಂಬ ಹಡಗು, ಕೆಟ್ಟುನಿಂತ ಒಂದು ಎಣ್ಣೆಯ ಹಡಗನ್ನು ಹ್ಯಾಲಿಫ್ಯಾಕ್ಸಿನ ಕಡೆಗೆ ಎಳೆದೊಯ್ಯುತ್ತಿದ್ದೇನೆಂದು ತಿಳಿಸುತ್ತಿತ್ತು. ಎರಡು ಮಾತುಗಳ ತುಣುಕುಗಳು ಯಾರದೋ ಕಿವಿಯಲ್ಲಿ ಸೇರಿ ಒಂದಾದವು. ಪ್ರಶ್ನೆಯು ಉತ್ತರವಾಯಿತು, ಎಣ್ಣೆಯ ಹಡಗು ಟೈಟಾನಿಕ್ ಆಯಿತು. ನೂರಾರು ಕಿವಿಗಳ ಈ ಗೊಂದಲವೂ ಒಂದು ಕಾರಣವಾಗಿ, ಅದೇ ವರ್ಷ ಅಮೆರಿಕದ ಸರ್ಕಾರವು ನಿಸ್ತಂತು ಯಂತ್ರವಿಟ್ಟುಕೊಳ್ಳುವವರು ಪರವಾನಗಿ ಪಡೆಯತಕ್ಕದ್ದೆಂದು ಕಾಯಿದೆ ಮಾಡಿತು.

ಆ ದಿನ ಒಬ್ಬ ಬಾತ್ಮೀದಾರನಾದರೂ 'ಈ ಮಾತನ್ನು ಯಾವ ಹಡಗು ಹೇಳಿತು, ಯಾವ ಠಾಣೆ ಕೇಳಿಸಿಕೊಂಡಿತು' ಎಂದು ಪಟ್ಟುಹಿಡಿದಿದ್ದರೆ ಆ ವಾರ್ತೆಗೆ ತಂದೆತಾಯಿಗಳಿಲ್ಲವೆಂಬುದು ಬಯಲಾಗುತ್ತಿತ್ತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಗಾದೆಯಲ್ಲಿ ನಗುವುದಕ್ಕಾದರೂ ಅವಕಾಶವಿದೆ. ಇಲ್ಲಿ ಸಂಬಂಧಿಕರನ್ನು ಕೂರಿಸಿಕೊಂಡ ಒಂದು ವಿಶೇಷ ರೈಲು, ಪಾರಾಗಿ ಬರುವವರನ್ನು ಎದುರುಗೊಳ್ಳಲು ನ್ಯೂಯಾರ್ಕಿನಿಂದ ಹ್ಯಾಲಿಫ್ಯಾಕ್ಸಿನ ಕಡೆಗೆ ಹೊರಟು ನಡುದಾರಿಯಿಂದ ಹಿಂದಿರುಗಿತು. ನದಿಯ ದಡದ ಐದು ಹಣ್ಣುಗಳೆಂದರೆ ಇವೇ.

ಅದೇ ನಗರದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕಾರ್ ವ್ಯಾನ್ ಆಂಡಾ ಎಂಬವನು ಮೇಲ್ವಿಚಾರಕ ಸಂಪಾದಕನಾಗಿದ್ದನು. ಅವನಿಗೆ ನಡುರಾತ್ರಿ ಕಳೆದ ಮೇಲೆ ಬಂದ ತಂತಿಯಲ್ಲಿದ್ದದ್ದು ಬಹಳ ಸ್ವಲ್ಪ: ಹಡಗು ಹಿಮಕ್ಕೆ ತಾಗಿದೆ, ಸಹಾಯಕ್ಕೆ ಕೂಗುತ್ತಿದೆ ಎಂಬಷ್ಟೆ. ಅವನು ಹ್ಯಾಲಿಫ್ಯಾಕ್ಸ್, ಮಾಂಟ್ರಿಯಲ್‌ಗಳ ತನ್ನ ಬಾತ್ಮೀದಾರರನ್ನು ವಿಚಾರಿಸಿದನು. ಟೈಟಾನಿಕ್ಕಿನ ಕೊನೆಯ ಸಂಜ್ಞೆಯು ೧೨ ಗಂಟೆ ೨೭ ನಿಮಿಷಕ್ಕೆ ಅಸ್ಪಷ್ಟವಾಗಿ ಕೇಳಿ ಥಟ್ಟನೆ ನಿಂತಿತೆಂಬುದನ್ನೂ, ಆಮೇಲೆ ಏನೂ ಕೇಳಿಬಂದಿಲ್ಲವೆಂಬುದನ್ನೂ ಇಟ್ಟುಕೊಂಡು, ಹಡಗು ಮುಳುಗಿರಲೇಬೇಕೆಂದು ನಿಶ್ಚಯಿಸಿ ಬೆಳಗಿನ ಕಡೆಯ ಪ್ರತಿಗಳಲ್ಲಿ ಹಾಗೆಯೇ ಅಚ್ಚುಹಾಕಿಸಿದನು. ನಮ್ಮ ಮೀಮಾಂಸಕರಲ್ಲಿ ಭಾಟ್ಟರು ಇದನ್ನು ಅನುಪಲಬ್ಧಿಯೆಂಬ ಪ್ರಮಾಣವೆನ್ನುವರು. ಇದ್ದಿದ್ದರೆ ಕಾಣಲೇಬೇಕಾಗಿದ್ದದ್ದು ಕಾಣುತ್ತಿಲ್ಲವಾದರೆ ಅದು ಇಲ್ಲ. ತೇಲುತ್ತಿದ್ದ ಹಡಗು ಕೂಗುತ್ತಲೇ ಇರಬೇಕಾಗಿತ್ತು, ಕೂಗು ಕೇಳುತ್ತಿಲ್ಲ.

ಇದನ್ನು ಹೊಗಳುವವರು ಬಹಳ; ಅವನ ಊಹೆ ನಿಜವಾದದ್ದರಿಂದ ಹೊಗಳಿಕೆ ಇನ್ನೂ ಹೆಚ್ಚಿತು. ಆದರೆ ವಿಮರ್ಶಕನು ಫಲದಿಂದ ಮಾತ್ರ ಅಳೆಯಲಾಗದು. ವಿದ್ಯುದ್ಯಂತ್ರವು ಕೆಟ್ಟೂ ಕೂಗು ನಿಲ್ಲಬಹುದಾಗಿತ್ತು. ಆಗ ವ್ಯಾನ್ ಆಂಡಾನೇ ಸಾವಿರಾರು ಮನೆಗಳಲ್ಲಿ ಸುಳ್ಳು ಗೋಳನ್ನು ಎಬ್ಬಿಸಿದವನಾಗುತ್ತಿದ್ದನು. ಅವನ ಹಿರಿಮೆಯು ಊಹೆಯ ಧೈರ್ಯದಲ್ಲಿಲ್ಲ. ತನ್ನ ಕೈಯಲ್ಲಿರುವ ಪ್ರತಿಯೊಂದು ತುಣುಕೂ ಯಾವ ಹಡಗಿನಿಂದ, ಯಾವ ಠಾಣೆಯ ಮೂಲಕ, ಎಷ್ಟು ಹೊತ್ತಿಗೆ ಬಂದಿತೆಂಬುದನ್ನು ಅವನು ಇಟ್ಟುಕೊಂಡಿದ್ದನೆಂಬುದರಲ್ಲಿದೆ; ಆ ಕೊನೆಯ ಅಸ್ಪಷ್ಟ ಸಂಜ್ಞೆಯ ಸಂಗತಿಯನ್ನು ಓದುಗರಿಗೂ ತಿಳಿಸಿದನೆಂಬುದರಲ್ಲಿದೆ. ಬೇರೆ ಪತ್ರಿಕೆಗಳವರು ಸಂದೇಹಪಟ್ಟು ಕಾದದ್ದು ತಪ್ಪಲ್ಲ. ಕಾಯುವ ಬದಲು ಮೂಲವಿಲ್ಲದ ಸಮಾಧಾನವೊಂದನ್ನು ಆ ಖಾಲಿ ಜಾಗಕ್ಕೆ ತುಂಬಿದ್ದು ತಪ್ಪು.

ಪಾಣಿನಿಯ ಅಪಾದಾನ ಪ್ರಕರಣದಲ್ಲಿ ಈ ವಿಷಯಕ್ಕೆ ತೀರ ಹತ್ತಿರವಾದ ಒಂದು ಸೂತ್ರವಿದೆ. ಮರದಿಂದ ಎಲೆ ಬಿದ್ದರೆ ಮರವು ಅಪಾದಾನವಾಗುವಂತೆ, ನಿಯಮಪೂರ್ವಕವಾಗಿ ವಿದ್ಯೆಯನ್ನು ಪಡೆಯುವಲ್ಲಿ ಹೇಳಿಕೊಡುವವನೂ ಅಪಾದಾನವಾಗುತ್ತಾನೆಂದು ಅದು ವಿಧಿಸುತ್ತದೆ. ಉಪಾಧ್ಯಾಯನಿಂದ ಕಲಿಯುತ್ತಾನೆ ಎಂಬಲ್ಲಿ ಪಂಚಮೀ ವಿಭಕ್ತಿ. ಆದರೆ ವೃತ್ತಿಕಾರರು ಒಡನೆಯೇ ಪ್ರತ್ಯುದಾಹರಣೆಯನ್ನೂ ಕೊಡುತ್ತಾರೆ. ನಟನು ಹಾಡಿದ್ದನ್ನು ಯಾವನೋ ಕೇಳಿದರೆ ಅಲ್ಲಿ ನಟನು ಅಪಾದಾನನಲ್ಲ; ಅಲ್ಲಿ ಬರುವುದು ಷಷ್ಠಿ. ಎರಡು ಕಡೆಯೂ ಕಿವಿಯೊಂದೇ, ಕೇಳುವುದೂ ಒಂದೇ. ಭೇದವಿರುವುದು ಹೇಳುವವನಿಗೂ ವಿಷಯಕ್ಕೂ ಇರುವ ಸಂಬಂಧದಲ್ಲಿ, ಕೇಳುವವನು ಕೇಳಿದ ರೀತಿಯಲ್ಲಿ. ವರದಿಗಾರನಿಗೆ ವರ್ತಮಾನ ಕೊಟ್ಟವನು ಉಪಾಧ್ಯಾಯನೋ ನಟನೋ? ಪ್ರತಿಯೊಂದು ವರದಿಯ ವಿಭಕ್ತಿಯೂ ಇದರ ಮೇಲೆ ನಿಂತಿದೆ.

ನೈಯಾಯಿಕರು ಆಪ್ತನ ಮಾತೇ ಶಬ್ದಪ್ರಮಾಣವೆಂದು ಹೇಳಿ ನಿಲ್ಲಿಸಲಿಲ್ಲ. ಆಪ್ತನೆಂದರೆ ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನನು ಕೊಡುವ ಲಕ್ಷಣವನ್ನು ಯಾವ ವೃತ್ತಪತ್ರಿಕೆಯ ಗೋಡೆಯ ಮೇಲಾದರೂ ತೂಗುಹಾಕಬಹುದು. ವಿಷಯವನ್ನು ತಾನೇ ಸಾಕ್ಷಾತ್ತಾಗಿ ತಿಳಿದಿರಬೇಕು. ತಿಳಿದಂತೆಯೇ ಹೇಳುವ ಇಚ್ಛೆಯಿರಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಪದವಿಯಿಂದ ಆಪ್ತತ್ವವು ಬರುವುದಿಲ್ಲ. ಟೈಟಾನಿಕ್ಕಿನ ಒಡೆತನದ ಸಂಸ್ಥೆಗೆ ನ್ಯೂಯಾರ್ಕಿನಲ್ಲಿ ಉಪಾಧ್ಯಕ್ಷನಾಗಿದ್ದ ಫ್ರಾಂಕ್ಲಿನ್ ಎಂಬವನು ೧೫ರ ಬೆಳಗ್ಗೆ ಹಡಗು ಮುಳುಗತಕ್ಕದ್ದಲ್ಲವೆಂದೂ ಭಯಕ್ಕೆ ಕಾರಣವಿಲ್ಲವೆಂದೂ ಪತ್ರಿಕೆಗಳವರಿಗೆ ಧೈರ್ಯ ಹೇಳಿದನು. ಸಂಜೆಗೆ ನಿಜಸ್ಥಿತಿ ತಿಳಿದು ಅವನೇ ಅದನ್ನು ಹೊರಗೆಡವಬೇಕಾಯಿತು. ಬೆಳಗ್ಗೆ ಅವನು ಸುಳ್ಳು ಹೇಳಿದನೆಂದು ಯಾರೂ ಸಾಧಿಸಬೇಕಾಗಿಲ್ಲ. ಅವನು ನಂಬಿದ್ದನ್ನೇ ಹೇಳಿರಬಹುದು. ಆದರೆ ಅವನು ಕಂಡಿರಲಿಲ್ಲ. ಎರಡು ಲಕ್ಷಣಗಳಲ್ಲಿ ಒಂದು ಇರಲಿಲ್ಲ.

ಬಿಟ್ಟುಹೋದ ಎರಡನೆಯ ಕಾರಕವೂ ಇಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕೊಡುವ ವಸ್ತುವಿನಿಂದ ಯಾರನ್ನು ಉದ್ದೇಶಿಸುವನೋ ಅವನು ಸಂಪ್ರದಾನ. ಹಡಗಿಗೆ ಭಯವಿಲ್ಲವೆಂಬ ಮಾತು ಯಾರನ್ನು ಉದ್ದೇಶಿಸಿ ಹೊರಟಿತು? ದಡದಲ್ಲಿ ನಿಂತ ತಾಯಂದಿರನ್ನೋ, ಟಿಕೆಟ್ಟು ಕೊಳ್ಳಲಿರುವ ಮುಂದಿನ ಪ್ರಯಾಣಿಕರನ್ನೋ, ಪಾಲುದಾರರನ್ನೋ? ಬಾತ್ಮೀದಾರನು ಈ ಪ್ರಶ್ನೆಗೆ ತಾನೇ ಉತ್ತರ ಬರೆಯಬೇಕೆಂದಿಲ್ಲ. ಹೇಳಿದವನು ಹಡಗಿನ ಒಡೆಯರ ಕಡೆಯವನೆಂಬುದನ್ನು ಅದೇ ವಾಕ್ಯದಲ್ಲಿ ಇಟ್ಟರೆ ಉಳಿದದ್ದನ್ನು ಓದುಗನ ಬುದ್ಧಿಯು ಮಾಡಿಕೊಳ್ಳುತ್ತದೆ.

ಕನ್ನಡದ ವೃತ್ತಪತ್ರಿಕೆಗಳಿಗೆ ಈ ವಿಚಾರವನ್ನು ಅನ್ವಯಿಸಿದರೆ ಕಾಣುವುದು ಸ್ವಲ್ಪ ಖೇದಕರ. ೧೮೪೩ನೆಯ ಇಸವಿ ಜುಲೈ ಮೊದಲನೆಯ ತಾರೀಖು ಮೋಗ್ಲಿಂಗ್ ಪಾದ್ರಿಯು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಂದಿನಿಂದ ನಮ್ಮ ಪತ್ರಿಕಾಗದ್ಯವು ಬಹಳ ಬೆಳೆದಿದೆ, ಚುರುಕಾಗಿದೆ. ಆದರೆ ಬೆಳೆಯುತ್ತ ಬೆಳೆಯುತ್ತ ಅದು ಕೆಲವು ಕ್ರಿಯಾಪದಗಳನ್ನು ಸಾಕಿಕೊಂಡಿದೆ. 'ಎಂದು ತಿಳಿದುಬಂದಿದೆ', 'ಎನ್ನಲಾಗಿದೆ', 'ಎಂದು ಹೇಳಲಾಗುತ್ತಿದೆ'. ತಿಳಿದು ಬಂದಿದೆಯಂತೆ! 'ಬರು' ಎಂಬುದು ಗಮನಾರ್ಥಕ ಧಾತು. ಬಂದದ್ದು ಎಲ್ಲಿಂದಲೋ ಬಂದಿರಲೇಬೇಕು. ಅಪಾದಾನವನ್ನು ಕೂಗಿ ಕೇಳುವ ಧಾತುವನ್ನೇ ಅಪಾದಾನವನ್ನು ಮುಚ್ಚುವುದಕ್ಕೆ ಬಳಸಿಕೊಂಡಿರುವುದು ಕುಶಲತೆಯೇ ಸರಿ. 'ಎನ್ನಲಾಗಿದೆ' ಎಂಬುದರಲ್ಲಿ ಅಂದವನೇ ಇಲ್ಲ. 'ಬಲ್ಲ ಮೂಲಗಳಿಂದ' ಎಂದು ಬರೆದಾಗ ಪಂಚಮಿಯ ವೇಷವಾದರೂ ಇದೆಯೆನ್ನಬಹುದು. ಬಲ್ಲವರು ಏನನ್ನು ಬಲ್ಲರು, ಕಂಡು ಬಲ್ಲರೋ ಕೇಳಿ ಬಲ್ಲರೋ ಎಂಬುದು ಆ ವೇಷದ ಒಳಗೆ ಉಳಿಯುತ್ತದೆ. (ಹಿಂದೆ ಶಾಲೆಯ ಮಕ್ಕಳು ಪಂಚಮಿಗೆ 'ದೆಸೆಯಿಂದ' ಎಂದು ಉರುಹೊಡೆಯುತ್ತಿದ್ದರು. ಬಳಕೆಯಲ್ಲಿ ತೃತೀಯೆಯ 'ಇಂದ' ಪ್ರತ್ಯಯವೇ ಆ ಕೆಲಸವನ್ನೂ ಮಾಡಿಬಿಡುವುದರಿಂದ ಕನ್ನಡಿಗರಿಗೆ ಅಪಾದಾನದ ಮೇಲೆ ಲಕ್ಷ್ಯವಿಲ್ಲದೆ ಹೋಯಿತೆಂದು ಪರಿಹಾಸ್ಯ ಮಾಡಬಹುದು.)

ಇದು ಭಾಷೆಯ ಬಡತನವಲ್ಲ. ಓದುಬರಹವರಿಯದ ಮನೆಯಾಕೆಯೂ ಈ ವಿಷಯದಲ್ಲಿ ಪತ್ರಿಕೆಗಿಂತ ಜಾಗರೂಕಳು. ಮಳೆಯನ್ನು ಕಣ್ಣಾರೆ ಕಂಡಿದ್ದರೆ ಆಕೆ 'ಮಳೆ ಬಂತು' ಎನ್ನುವಳು. ಪಕ್ಕದ ಹಳ್ಳಿಯಲ್ಲಿ ಬಂದದ್ದನ್ನು ಕೇಳಿ ತಿಳಿದಿದ್ದರೆ 'ಬಂತಂತೆ' ಎನ್ನುವಳು. ಯಾರು ಹೇಳಿದರೆಂದು ಕೇಳಿದರೆ ಹೆಸರನ್ನೂ ಹೇಳುವಳು. ಕಂಡದ್ದಕ್ಕೂ ಕೇಳಿದ್ದಕ್ಕೂ ಭೇದ ತೋರಿಸುವ 'ಅಂತೆ' ಎಂಬ ಎರಡಕ್ಷರವು ನಮ್ಮ ಆಡುನುಡಿಯಲ್ಲಿ ಸಿದ್ಧವಾಗಿದೆ. ಇಂಗ್ಲಿಷಿನವರು ಅದಕ್ಕೆ ಒಂದು ವಾಕ್ಯಖಂಡವನ್ನೇ ವೆಚ್ಚಮಾಡಬೇಕು. ಅಂತೆಕಂತೆಗಳ ಸಂತೆಯೆಂದು ಜನರು ಹಳಿಯುವುದು ನಿಜ. ಆದರೆ ಹಳಿಯಬೇಕಾದದ್ದು ಸಂತೆಯನ್ನು, 'ಅಂತೆ'ಯನ್ನಲ್ಲ. ಅದು ಪ್ರಾಮಾಣಿಕವಾದ ಪ್ರತ್ಯಯ. ಪತ್ರಿಕೆಯ ಶಿಷ್ಟಗದ್ಯವು ಅದನ್ನು ಗ್ರಾಮ್ಯವೆಂದು ಹೊರಗಿಟ್ಟು ಆ ಜಾಗದಲ್ಲಿ 'ತಿಳಿದುಬಂದಿದೆ'ಯನ್ನು ಕೂರಿಸಿತು. ಹೊರಗೆ ಹೋದದ್ದು ಸಂದೇಹ, ಒಳಗೆ ಬಂದದ್ದು ನಿಶ್ಚಯದ ಧ್ವನಿ. ಆಧಾರವು ಮಾತ್ರ ಮೊದಲಿನಷ್ಟೇ.

ಹೆಸರು ಹೇಳಿದರೆ ಹೇಳಿದವನ ಉದ್ಯೋಗಕ್ಕೋ ಪ್ರಾಣಕ್ಕೋ ಅಪಾಯವಾಗುವ ಸಂದರ್ಭಗಳಿವೆಯಲ್ಲವೆ ಎಂದರೆ, ಇವೆ. ಹೆಸರನ್ನು ಮರೆಸಬಹುದು, ಸಂಬಂಧವನ್ನು ಮರೆಸಬೇಕಾಗಿಲ್ಲ. 'ಸ್ಥಳದಲ್ಲಿದ್ದು ಕಂಡವರೊಬ್ಬರು' ಎಂದೋ 'ಕಡತವನ್ನು ಓದಿದವರೊಬ್ಬರು' ಎಂದೋ ಬರೆಯುವುದಕ್ಕೆ ಯಾರ ಹೆಸರೂ ಬೇಕಿಲ್ಲ.

ಆರು ಉತ್ತರಗಳನ್ನೂ ಮೊದ‍ಲನೆಯ ವಾಕ್ಯದಲ್ಲಿಯೇ ತುರುಕಬೇಕೆಂಬ ಇನ್ನೊಂದು ವಿಧಿಯು ಇಂಗ್ಲಿಷಿನಿಂದ ಬಂದದ್ದು. ಅದನ್ನೂ ಇಲ್ಲಿ ಒಂದು ಮಾತಿನಲ್ಲಿ ನೋಡಬೇಕು. ಇಂಗ್ಲಿಷಿನಲ್ಲಿ ಕರ್ತೃವೂ ಕ್ರಿಯೆಯೂ ಮುಂದೆ ಬಂದು, ದೇಶಕಾಲಗಳು ಹಿಂದೆ ಬಾಲದಂತೆ ಜೋಡಿಕೊಳ್ಳುತ್ತವೆ. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರತಕ್ಕದ್ದು. 'ನಿನ್ನೆ ರಾತ್ರಿ ಹತ್ತು ಗಂಟೆಗೆ ಊರಿನ ಹೊರಗಿನ ಸೇತುವೆಯ ಮೇಲೆ ಜಾತ್ರೆಯಿಂದ ಹಿಂದಿರುಗುತ್ತಿದ್ದ ಹನ್ನೆರಡು ಮಂದಿಯನ್ನು ಹೊತ್ತ ಬಂಡಿಯು ಎತ್ತುಗಳು ಬೆದರಿದುದರಿಂದ ಹಳ್ಳಕ್ಕೆ' ಎಂದು ಓದುವವನು ಉಸಿರು ಬಿಗಿಹಿಡಿದು ಬಂದು ಕೊನೆಗೆ 'ಉರುಳಿತು' ಎಂಬಲ್ಲಿ ಉಸಿರು ಬಿಡುತ್ತಾನೆ. ಬಾಣಭಟ್ಟನ ಗದ್ಯಕ್ಕೆ ಇದು ಶೋಭೆ, ವರ್ತಮಾನಕ್ಕೆ ಅಲ್ಲ. ಬಂಡಿ ಹಳ್ಳಕ್ಕೆ ಉರುಳಿತೆಂದು ಮೊದಲು ಹೇಳಿ, ಉಳಿದದ್ದನ್ನು ಎರಡು ಮೂರು ವಾಕ್ಯಗಳಲ್ಲಿ ಹಂಚಿದರೆ ಭಾಷೆಗೂ ಸುಖ, ಓದುಗನಿಗೂ ಸುಖ.

ಕಾರಕವಲ್ಲದೆ ಪಟ್ಟಿಗೆ ಸೇರಿಕೊಂಡ 'ಏಕೆ'ಯ ವಿಚಾರ ಉಳಿದಿದೆ. ಉಳಿದ ಐದು ಪ್ರಶ್ನೆಗಳಿಗೆ ಕಂಡವನು ಉತ್ತರ ಕೊಡಬಲ್ಲನು. ಹೇತುವಾದರೋ ಕಣ್ಣಿಗೆ ಕಾಣುವುದಲ್ಲ, ಕಂಡದ್ದರಿಂದ ಊಹಿಸತಕ್ಕದ್ದು. ಅದನ್ನೂ ಅದೇ ರಾತ್ರಿಯೇ ಬರೆದು ಮುಗಿಸಬೇಕೆಂಬ ಅವಸರದಲ್ಲಿ ವರದಿಗಾರನು ನ್ಯಾಯಾಧೀಶನ ಪೀಠವನ್ನು ಏರಿಬಿಡುತ್ತಾನೆ. ಇದಕ್ಕೆ ಪ್ರತಿಯಾಗಿ ಒಂದು ಹಳೆಯ ತಂತಿಯನ್ನು ನೋಡಬಹುದು. ೧೮೬೫ನೆಯ ಇಸವಿ ಏಪ್ರಿಲ್ ೧೪ರ ರಾತ್ರಿ ವಾಷಿಂಗ್ಟನ್ ನಗರದಲ್ಲಿ ಅಧ್ಯಕ್ಷ ಲಿಂಕನ್ನನಿಗೆ ಗುಂಡು ತಗುಲಿತು. (ಟೈಟಾನಿಕ್ ಹಿಮಕ್ಕೆ ತಾಗಿದ್ದೂ ಏಪ್ರಿಲ್ ೧೪ರ ರಾತ್ರಿಯೇ, ಕಾಕತಾಲೀಯ.) ಅಸೋಸಿಯೇಟೆಡ್ ಪ್ರೆಸ್ಸಿನ ಗೊಬ್ರೈಟ್ ಎಂಬ ಬಾತ್ಮೀದಾರನು ಕಳುಹಿಸಿದ ಮೊದಲ ತಂತಿಯಲ್ಲಿ ಇದ್ದದ್ದು ಒಂದೇ ಮಾತು. ಅಧ್ಯಕ್ಷರಿಗೆ ಈ ರಾತ್ರಿ ನಾಟಕಶಾಲೆಯಲ್ಲಿ ಗುಂಡೇಟು ಬಿದ್ದಿದೆ, ಬಹುಶಃ ಅದು ಪ್ರಾಣಾಂತಕವಾದ ಗಾಯ. ಹೊಡೆದವನು ಯಾರು? ಇಲ್ಲ. ಏಕೆ ಹೊಡೆದನು? ಇಲ್ಲ. ಪುಸ್ತಕದ ಪರೀಕ್ಷೆಯಲ್ಲಿ ಈ ತಂತಿಗೆ ಆರರಲ್ಲಿ ಮೂರೋ ನಾಲ್ಕೋ ಅಂಕ ದೊರೆಯಬಹುದು. ಆದರೆ ಅದರಲ್ಲಿರುವ ಒಂದೊಂದು ಪದವೂ ಇಂದಿಗೂ ನಿಂತಿದೆ. ಆ 'ಬಹುಶಃ' ಎಂಬುದಂತೂ ಮನೆಯಾಕೆಯ 'ಅಂತೆ'ಗೆ ಒಡಹುಟ್ಟು. ತಿಳಿದದ್ದು ಎಲ್ಲಿಗೆ ಮುಗಿಯಿತೆಂಬುದನ್ನು ಅದು ಗೆರೆಕೊಯ್ದು ತೋರಿಸುತ್ತದೆ. ಲಿಂಕನ್ನನು ಮಾರನೆಯ ಬೆಳಗ್ಗೆ ತೀರಿಕೊಂಡನು.

ಇದಕ್ಕಿಂತ ಈಚಿನ ಉದಾಹರಣೆ ಬೇಕೆಂದರೆ, ೧೯೪೮ನೆಯ ಇಸವಿ ನವೆಂಬರ್ ೩ರ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯಿದೆ. ಟ್ರೂಮನ್ನನನ್ನು ಡ್ಯೂಯಿಯು ಸೋಲಿಸಿದನೆಂದು ಅದು ದಪ್ಪಕ್ಷರಗಳಲ್ಲಿ ಸಾರಿತು. ಗೆದ್ದವನಾದ ಟ್ರೂಮನ್ನನು ಆ ಪತ್ರಿಕೆಯನ್ನೇ ಎತ್ತಿಹಿಡಿದು ನಗುತ್ತಿರುವ ಛಾಯಾಚಿತ್ರವು ಪ್ರಸಿದ್ಧವಾಗಿದೆ. ಅಚ್ಚುಕೂಟದ ಕೆಲಸಗಾರರ ಮುಷ್ಕರದಿಂದ ಪತ್ರಿಕೆಯನ್ನು ಬೇಗ ಮುಗಿಸಬೇಕಾಗಿತ್ತು. ಮತಗಳ ಎಣಿಕೆ ಮುಗಿದಿರಲಿಲ್ಲ. ಆ ವಾರ್ತೆಯ ಅಪಾದಾನವು ಪಂಡಿತರ ಭವಿಷ್ಯವಾಣಿಯಾಗಿತ್ತು, ಮತಪೆಟ್ಟಿಗೆಯಲ್ಲ. ಅಲ್ಲಿ ನಗೆಯಿಂದ ಮುಗಿಯಿತು.

೧೯೧೨ರಲ್ಲಿ ಹಾಗೆ ಮುಗಿಯಲಿಲ್ಲ. ಟೈಟಾನಿಕ್ಕಿನ ನಾವಿಕರು, ಕಲ್ಲಿದ್ದಲು ತುಂಬುವವರು, ಬಡಿಸುವವರು ಮುಂತಾದವರಲ್ಲಿ ಬಹುಮಂದಿ ಇಂಗ್ಲೆಂಡಿನ ಸೌತಾಂಪ್ಟನ್ ಪಟ್ಟಣದ ವಾಸಿಗಳು. ಆ ಒಂದು ಪಟ್ಟಣದ ಮನೆಗಳಿಂದಲೇ ಸತ್ತವರು ಐನೂರಕ್ಕೆ ಮೇಲ್ಪಟ್ಟವರು. ಪ್ರಾಣಹಾನಿಯಿಲ್ಲವೆಂಬ ವರ್ತಮಾನವು ಅವರ ದೇಶದಲ್ಲಿಯೇ ಅಚ್ಚಾಗಿದ್ದಿತು. ಆಮೇಲೆ ದಿನಗಟ್ಟಲೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕ್ಯಾನ್ಯೂಟ್ ರಸ್ತೆಯಲ್ಲಿದ್ದ ಹಡಗಿನ ಸಂಸ್ಥೆಯ ಕಚೇರಿಯ ಮುಂದೆ, ಬದುಕಿದವರ ಪಟ್ಟಿಯನ್ನು ಬರೆದು ತೂಗುಹಾಕುವ ಹಲಗೆಯನ್ನೇ ನೋಡುತ್ತ ನಿಂತರು. ಹಡಗು ಎಲ್ಲಿ ಮುಳುಗಿತು, ಯಾವಾಗ, ಹೇಗೆ, ಏಕೆ ಎಂಬುದೆಲ್ಲವೂ ಅಷ್ಟರಲ್ಲಿ ಪತ್ರಿಕೆಗಳಲ್ಲಿ ತುಂಬಿಹೋಗಿತ್ತು. ಅವರು ಕೇಳುತ್ತಿದ್ದದ್ದು ಯಾರು ಎಂಬುದೊಂದನ್ನೇ. ಅದನ್ನೂ ಪತ್ರಿಕೆಯನ್ನು ಕೇಳುವುದನ್ನು ಬಿಟ್ಟು ಹಲಗೆಯನ್ನು ಕೇಳುತ್ತಿದ್ದರು.